ಬಿಲ್ಲೆ, ಮುದ್ರೆ, ಹಸುಬೆ

ಸರ್ಕಾರಿ ಗುಮಾಸ್ತನ ಬಾಳೆಂದರೆ ಬಿಲ್ಲೆಗಳ ಬಾಳು. ದಿಲ್ಲಿಗೆ ಬಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕೈಗೆ ಮೊದಲು ಬಂದದ್ದು ಸಂಬಳವಲ್ಲ, ಗುರುತಿನ ಚೀಟಿ. ಅದರ ಹಿಂದೆಯೇ ಸಿ.ಜಿ.ಎಚ್.ಎಸ್. ಔಷಧಾಲಯದ ಕಾರ್ಡು ಬಂತು. ಆ ಯೋಜನೆ 1954ರಲ್ಲಿ ಈ ದಿಲ್ಲಿಯಲ್ಲೇ ಆರಂಭವಾದದ್ದು. ಹಳಬರು ಅದನ್ನು ಟೋಕನ್ ಕಾರ್ಡು ಎಂದೇ ಕರೆಯುತ್ತಾರೆ. ನಿವೃತ್ತರಾಗಿ ಇಪ್ಪತ್ತು ವರ್ಷವಾದ ಹಿರಿಯರೊಬ್ಬರು ನಮಗೆ ಗೊತ್ತು. ಮೊಮ್ಮಕ್ಕಳ ಹುಟ್ಟಿದ ದಿನ ಅವರಿಗೆ ಮರೆತಿದೆ, ಟೋಕನ್ ನಂಬರು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಇನ್ನು ಬ್ಯಾಂಕಿನ ಹಿತ್ತಾಳೆಯ ಟೋಕನ್ನನ್ನು ನಮ್ಮ ವಯಸ್ಸಿನವರೆಲ್ಲ ಹಿಡಿದು ಬೆಂಚಿನ ಮೇಲೆ ಕುಳಿತವರೇ. ಮೆಟ್ರೋ ರೈಲಿನ ಪ್ಲಾಸ್ಟಿಕ್ ಬಿಲ್ಲೆಯ ಕಾಲವೂ ಆಗಿಹೋಗುತ್ತಿದೆ. 2023ರಲ್ಲಿ ಕಾಗದದ ಕ್ಯೂಆರ್ ಚೀಟಿ ಬಂದ ಮೇಲೆ ಅದರ ಆಟ ಮುಗಿಯುತ್ತ ಬಂತು. ನಮ್ಮ ಮಗಳು ಒಂದನ್ನು ಹಿಂದಿರುಗಿಸದೆ ಇಟ್ಟುಕೊಳ್ಳಬೇಕೆಂದು ಬಹಳ ಹಟ ಮಾಡಿದ್ದಳು. ಸರ್ಕಾರಿ ನೌಕರನ ಮಗಳು ಹಾಗೆ ಮಾಡಬಾರದೆಂದು ಹೇಳಿ ಗೇಟಿನ ಬಾಯಿಗೆ ಹಾಕಿಸಿದೆವು.

ಹೀಗೆ ನೋಡಿದರೆ ಬಿಲ್ಲೆಗಳಲ್ಲಿ ಎರಡು ಜಾತಿ. ಮೆಟ್ರೋದ ಬಿಲ್ಲೆಗೆ ಹೆಸರಿಲ್ಲ, ಯಾರ ಕೈಯಲ್ಲಿದ್ದರೂ ಗೇಟು ತೆರೆಯುತ್ತದೆ. ಇನ್ನೊಂದು, ಹಿಂದೆ ನಮ್ಮ ಕಡೆ ಕಚೇರಿಯ ಜವಾನರ ಎದೆಯ ಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆ ಬಿಲ್ಲೆಯಂಥದು. ಅದನ್ನು ಹಾಕಿಕೊಂಡವನು ಯಾರವನು, ಯಾರ ಕಡೆಯವನು ಎಂಬುದನ್ನು ಅದು ಸಾರುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಜಾತಿಯ ಮಾತು.

ಈ ಹುಚ್ಚು ನಮಗೆ ಹತ್ತಿದ್ದು ಹೋದ ವರ್ಷ. ಮಗಳ ಚಿತ್ರಕಲೆಯ ಪಾಠಕ್ಕೆಂದು ತಂದ ಪುಸ್ತಕವೊಂದರಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟನ ಕಥೆ ಇತ್ತು. ಅವನ ಚಿತ್ರಗಳೆಲ್ಲ ಸರಿಯೇ. ನಮ್ಮ ಕಣ್ಣು ನಿಂತದ್ದು ಒಂದು ಪುಟ್ಟ ಲೋಹದ ಬಿಲ್ಲೆಯ ಮೇಲೆ. 1634ರದು. ಅದರ ಮೇಲೆ ಅವನ ಹೆಸರನ್ನು ಕೊರೆದಿದೆ. ಆಂಸ್ಟರ್‌ಡ್ಯಾಮ್ ನಗರದಲ್ಲಿ ಚಿತ್ರಕಾರರಿಗೂ ಒಂದು ಕಸುಬಿನ ಸಂಘವಿತ್ತು, ಸಂತ ಲ್ಯೂಕನ ಹೆಸರಿನದು. ಬಡಗಿಗಳಿಗೆ, ಶಸ್ತ್ರವೈದ್ಯರಿಗೆ, ಹಡಗಿನಿಂದ ಸರಕು ಇಳಿಸುವವರಿಗೆ, ಎಲ್ಲರಿಗೂ ಇಂಥ ಸಂಘಗಳು, ಗಿಲ್ಡುಗಳು. ಸಂಘಕ್ಕೆ ಸೇರಿದವನಿಗೆ ಅವನ ಹೆಸರಿನ ಒಂದು ಬಿಲ್ಲೆ.

ಆ ಬಿಲ್ಲೆ ಯಾತಕ್ಕೆ? ನಾವೇನೋ ವ್ಯಾಪಾರದ ಪರವಾನಗಿ ಇರಬೇಕೆಂದು ತಿಳಿದಿದ್ದೆವು. ಅದಲ್ಲ. ಮುಖ್ಯವಾಗಿ ಅದು ಹೆಣಕ್ಕೆ ಹೆಗಲು ಕೊಡುವುದಕ್ಕೆ. ಸಂಘದಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರಿಗೆ ಹೇಳಿಕೆ ಹೋಗುತ್ತಿತ್ತು. ಶವಸಂಸ್ಕಾರಕ್ಕೆ ಬಂದವನು ತನ್ನ ಬಿಲ್ಲೆಯನ್ನು ಒಪ್ಪಿಸಬೇಕು, ಆಮೇಲೆ ಅದು ಅವನಿಗೆ ಹಿಂದಿರುಗುತ್ತದೆ. ಯಾರ ಬಿಲ್ಲೆ ಬಂದಿಲ್ಲವೋ ಅವನಿಗೆ ದಂಡ. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ಹುಳಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗಿ, “ಸಾವಿನ ಮನೆಗೂ ಹಾಜರಿ ಪುಸ್ತಕವೇ?” ಎಂದರು. 2014ರಿಂದ ಬೆರಳೊತ್ತಿ ಹಾಜರಿ ಹಾಕುತ್ತಿರುವ ನಮಗೆ ಅದು ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ.

ಆ ಬಿಲ್ಲೆಗಳು ನೋಡುವುದಕ್ಕೂ ಚೆಂದ. ಒಂದು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರಬಹುದಾದ ಜಾಗ. ಅಷ್ಟರಲ್ಲಿ ಒಂದು ಕಸುಬು ಪೂರ್ತಿಯಾಗಿ ಕಾಣಿಸಬೇಕು. ಬಡಗಿಯ ಬಿಲ್ಲೆಗೆ ಕೈವಾರ, ಉಜ್ಜುಗೊರಡು. ಮದ್ಯದ ವ್ಯಾಪಾರಿಗೆ ಪೀಪಾಯಿ. ಹಿಂಬದಿಗೆ ಎಷ್ಟೋ ಸಾರಿ ತಲೆಬುರುಡೆ, ಮರಳುಗಡಿಯಾರ. ಓದು ಬಾರದವನೂ ನೋಡಿದೊಡನೆ ಇದು ನಮ್ಮದು ಎನ್ನಬೇಕು. ಫ್ರಾನ್ಸಿನಲ್ಲೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸ್ಸಿನ ಸೀನ್ ನದಿಯ ಕೆಸರಿನಿಂದ ಸೀಸದ ಇಂಥ ಬಿಲ್ಲೆಗಳು ರಾಶಿರಾಶಿಯಾಗಿ ಸಿಕ್ಕವಂತೆ. ಅವುಗಳನ್ನು ಮಾಡಿದವರು ಯಾರೂ ದೊಡ್ಡ ಕಲಾವಿದರೆಂದು ಹೆಸರು ಪಡೆದವರಲ್ಲ. ನಮಗೇನೋ ಚಿತ್ರಶಾಲೆಯ ಗೋಡೆಗೆ ತೂಗುಹಾಕಿದ್ದಕ್ಕಿಂತ ಜೇಬಿನಲ್ಲಿ ಸವೆದ ಈ ಕಲೆಯೇ ಹೆಚ್ಚು ಹಿಡಿಸಿತು. ಹಾಲೆಂಡಿನಲ್ಲಿ 1798ರಲ್ಲಿ ಗಿಲ್ಡುಗಳನ್ನು ರದ್ದುಮಾಡಿದರು. ಬಿಲ್ಲೆಗಳು ವಸ್ತುಸಂಗ್ರಹಾಲಯ ಸೇರಿದವು.

ಪರದೇಶದ ಮಾತು ಇಷ್ಟು ಸಾಕು. ನಮ್ಮಲ್ಲಿ ಇದ್ದುದೇನು ಎಂದು ಹುಡುಕಹೊರಟರೆ ಮೊದಲು ಎದುರಾದದ್ದು ನಮ್ಮ ಮನೆಯ ವಿಳಾಸವೇ! ನಾವಿರುವ ಗಾಜಿಯಾಬಾದಿನ ಬಡಾವಣೆಯ ಹೆಸರು ವೈಶಾಲಿ. ನೀಲಿ ಮಾರ್ಗದ ಈ ಕವಲಿನ ಕೊನೆಯ ನಿಲ್ದಾಣ. ನಿಜವಾದ ವೈಶಾಲಿ ಬಿಹಾರದಲ್ಲಿದೆ. ಅಲ್ಲಿಯ ಬಸಾಢ ಎಂಬ ಹಳ್ಳಿಯಲ್ಲಿ 1903–04ರಲ್ಲಿ ಬ್ಲಾಖ್ ಎಂಬ ವಿದ್ವಾಂಸರು ಅಗೆಸಿದಾಗ ಗುಪ್ತರ ಕಾಲದ ಮಣ್ಣಿನ ಮುದ್ರೆಗಳು ಏಳುನೂರರಷ್ಟು ಸಿಕ್ಕವು. ಅವುಗಳಲ್ಲಿ 274 ಒಂದೇ ಸಂಘದವು. ‘ಶ್ರೇಷ್ಠಿ-ಸಾರ್ಥವಾಹ-ಕುಲಿಕ-ನಿಗಮ’ ಎಂದು ಅವುಗಳ ಮೇಲಿನ ಬರಹ. ಶ್ರೇಷ್ಠಿ ಎಂದರೆ ನಮ್ಮ ಶೆಟ್ಟಿ, ಸಾಹುಕಾರ. ಸಾರ್ಥವಾಹ ಎಂದರೆ ಸರಕಿನ ತಂಡ ಕಟ್ಟಿಕೊಂಡು ದೇಶ ಸುತ್ತುವವನು. ಕುಲಿಕ ಎಂದರೆ ಕಸುಬುದಾರ. ಮೂವರೂ ಸೇರಿ ಒಂದು ನಿಗಮ. ಕಾಗದಪತ್ರವನ್ನು ದಾರದಿಂದ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣಿನ ಮುದ್ದೆ ಇಟ್ಟು ಒತ್ತಿದ ಮುದ್ರೆ ಇದು. ಎಷ್ಟೋ ಮುದ್ದೆಗಳಲ್ಲಿ ನಿಗಮದ ಮುದ್ರೆಯ ಪಕ್ಕದಲ್ಲೇ ಒಬ್ಬೊಬ್ಬ ಆಸಾಮಿಯ ಸ್ವಂತ ಮುದ್ರೆಯೂ ಇದೆ. ಗುಮಾಸ್ತನ ಕಣ್ಣಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ: ಇವನ ಸಹಿ, ಕೆಳಗೆ ಕಚೇರಿಯ ಠಸ್ಸೆ. ಒಬ್ಬನ ಮಾತಿಗೆ ಸಂಘವೆಲ್ಲ ಜಾಮೀನು ನಿಂತಂತೆ. ಒಳಗಿದ್ದ ಕಾಗದವೆಲ್ಲ ಮಣ್ಣಾಗಿಹೋಗಿ ಮಣ್ಣು ಮಾತ್ರ ಉಳಿದಿದೆ. ನಾವು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು. ಬೆಂಕಿಗೆ ಕಾಗದ ಬೂದಿಯಾದರೆ ಜೇಡಿಮಣ್ಣು ಇಟ್ಟಿಗೆಯಾಗುತ್ತದೆಂದು ಗೊತ್ತು. ಆದರೂ ಒಂದು ಕಚೇರಿಯ ಕಡತಗಳೆಲ್ಲ ಹೋಗಿ ಅರಗು ಮಾತ್ರ ಉಳಿದರೆ ಹೇಗೋ ಹಾಗೆನಿಸಿತು.

ಆ ನಿಗಮ ಎಂಬ ಮಾತು ಇನ್ನೂ ಸತ್ತಿಲ್ಲ. ಬೆಳಿಗ್ಗೆ ಕಸದ ಗಾಡಿ ಬಂದಾಗ ನೋಡಿ, ಅದರ ಮೈಮೇಲೆ ‘ನಗರ ನಿಗಮ’ ಎಂದು ಬರೆದಿರುತ್ತದೆ.

ಗುಪ್ತರ ಕಾಲದ್ದೇ ಇನ್ನೊಂದು ಕಥೆಯನ್ನು ನಮ್ಮಂಥ ಊರು ಬಿಟ್ಟವರು ತಿಳಿದಿರಬೇಕು. ಮಧ್ಯಪ್ರದೇಶದ ಮಂದಸೋರ್ ಆಗ ದಶಪುರ. ಅಲ್ಲಿಗೆ ಲಾಟ ದೇಶದಿಂದ, ಎಂದರೆ ದಕ್ಷಿಣ ಗುಜರಾತಿನಿಂದ, ರೇಷ್ಮೆ ನೇಯುವವರ ಒಂದು ಶ್ರೇಣಿ ಹೆಂಡತಿ ಮಕ್ಕಳೊಡನೆ ವಲಸೆ ಬಂತು. ಬಂದ ಮೇಲೆ ಎಲ್ಲರೂ ನೇಯುತ್ತಲೇ ಕುಳಿತರೆ? ಇಲ್ಲ. ಕೆಲವರು ಬಿಲ್ಲುವಿದ್ಯೆ ಹಿಡಿದರು, ಕೆಲವರು ಜ್ಯೋತಿಷ್ಯ, ಕೆಲವರು ಕಥೆ ಹೇಳುವುದು. ಆದರೂ ಶ್ರೇಣಿ ಒಡೆಯಲಿಲ್ಲ. ಮಾಳವ ಸಂವತ್ಸರ 493ರಲ್ಲಿ ಎಲ್ಲ ಸೇರಿ ಸೂರ್ಯನಿಗೆ ಗುಡಿ ಕಟ್ಟಿದರು. ಕಾಲಾಂತರದಲ್ಲಿ ಅದರ ಒಂದು ಭಾಗ ಶಿಥಿಲವಾದಾಗ, 36 ವರ್ಷದ ತರುವಾಯ, ಅದೇ ಶ್ರೇಣಿ ದುರಸ್ತಿ ಮಾಡಿಸಿತು. ಇದನ್ನೆಲ್ಲ ವತ್ಸಭಟ್ಟಿ ಎಂಬ ಕವಿಯ ಕೈಲಿ ಸಂಸ್ಕೃತ ಪದ್ಯಗಳಲ್ಲಿ ಬರೆಸಿ ಕಲ್ಲಿಗೆ ಹಾಕಿದರು. ಹೆಣ್ಣು ಎಷ್ಟೇ ಚೆಲುವೆಯಾಗಿರಲಿ, ಹಾರ ತಾಂಬೂಲ ಹೂವು ಏನೇ ಇರಲಿ, ರೇಷ್ಮೆ ಉಡದೆ ಶೋಭಿಸುವುದಿಲ್ಲ ಎಂಬ ಅರ್ಥದ ಒಂದು ಪದ್ಯವನ್ನೂ ಅದರಲ್ಲಿ ಸೇರಿಸಿದ್ದಾರೆ! ದೇವರ ಗುಡಿಯ ಕಲ್ಲಿನಲ್ಲಿ ಅಂಗಡಿಯ ಜಾಹೀರಾತು. ಬಟ್ಟೆಯ ವ್ಯಾಪಾರಿಗಳು ಯಾವ ಕಾಲದಲ್ಲೂ ಜಾಣರೇ.

ಇನ್ನು ನಮ್ಮವರ ಮಾತಿಗೆ ಬರೋಣ. ನಮ್ಮ ಸೇವಾ ಪುಸ್ತಕದಲ್ಲಿ ಸ್ವಂತ ಊರೆಂದು ಬರೆದಿರುವುದು ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಎಲ್.ಟಿ.ಸಿ. ಮೇಲೆ ಎರಡು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದು. ಮಲಪ್ರಭೆಯ ದಡದ ಐಹೊಳೆ ಅಲ್ಲಿಂದ ದೂರವಲ್ಲ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋದಾಗ ಅದು ಬರೀ ಗುಡಿಗಳ ಊರು. ಬುತ್ತಿ ಬಿಚ್ಚಿ ರೊಟ್ಟಿ ತಿಂದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಮೇಷ್ಟರು ಮೇಗುತಿಯ ರವಿಕೀರ್ತಿಯ ಶಾಸನ, ಇಮ್ಮಡಿ ಪುಲಿಕೇಶಿ, ಕ್ರಿ.ಶ. 634 ಎಂದು ಹೇಳಿದ್ದರು. ಅದೂ ಪರೀಕ್ಷೆಗೆ ಬರುವುದೆಂದು. ಈ ಊರಿನ ಹೆಸರು ಹೊತ್ತ ವರ್ತಕರ ದೊಡ್ಡದೊಂದು ಸಂಘ ಸಮುದ್ರದಾಚೆಯವರೆಗೂ ಹೋಗಿತ್ತೆಂದು ಯಾರೂ ಹೇಳಿರಲಿಲ್ಲ.

ಶಾಸನಗಳಲ್ಲಿ ಐಹೊಳೆಗೆ ಅಯ್ಯಾವೊಳೆ ಎಂದು ಹೆಸರು, ಸಂಸ್ಕೃತದಲ್ಲಿ ಆರ್ಯಪುರ. ‘ಅಯ್ಯಾವೊಳೆಯ ಐನೂರ್ವರು’ ಎಂಬ ಸಂಘದ ಬೇರು 8ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಐನೂರು ಎಂಬುದು ತಲೆಯೆಣಿಕೆಯಲ್ಲ, ಹೆಸರು. ಆಮೇಲೆ ಅವರು ಸಾವಿರಾರು ಮಂದಿಯಾದರೂ ಐನೂರ್ವರೇ. ಚಾಲುಕ್ಯ, ಹೊಯ್ಸಳ, ಚೋಳ ಎಂದು ರಾಜ್ಯಗಳು ಏಳುತ್ತ ಬೀಳುತ್ತ ಇದ್ದರೂ ಈ ಸಂಘದ ಶಾಸನಗಳು ಕನ್ನಡನಾಡು, ತಮಿಳುನಾಡು, ಆಂಧ್ರ, ಶ್ರೀಲಂಕೆಗಳಲ್ಲಿ ಸಿಗುತ್ತಲೇ ಹೋಗುತ್ತವೆ. ತಮ್ಮ ಕಟ್ಟಳೆಗೆ ಅವರಿಟ್ಟ ಹೆಸರು ವೀರಬಣಂಜುಧರ್ಮ. ಅದೇ ಬಣಂಜು ತಮಿಳಿನಲ್ಲಿ ವಳಂಜಿಯರ್ ಆಗಿದೆ. ನಮ್ಮ ಬಣಜಿಗ ಎಂಬ ಮಾತಿನಲ್ಲಿ ಇವತ್ತಿಗೂ ಕೇಳುತ್ತದೆ. ಇದನ್ನೆಲ್ಲ ವಿವರವಾಗಿ ತಿಳಿಯಬೇಕೆನ್ನುವವರಿಗೆ ಮೀರಾ ಅಬ್ರಹಾಂ ಅವರು ದಕ್ಷಿಣ ಭಾರತದ ಎರಡು ವರ್ತಕ ಸಂಘಗಳ ಮೇಲೆ ಬರೆದ, 1988ರಲ್ಲಿ ದಿಲ್ಲಿಯಲ್ಲೇ ಪ್ರಕಟವಾದ ಇಂಗ್ಲಿಷ್ ಪುಸ್ತಕವಿದೆ.

ಈ ಐನೂರ್ವರ ಬಿಲ್ಲೆ ಯಾವುದು? ಡಚ್ಚರ ಹಾಗೆ ಹೆಸರು ಕೊರೆದ ಲೋಹದ ತುಂಡು ನಮಗೆ ಕಾಣಲಿಲ್ಲ. ಅವರ ಗುರುತು ಉಳಿದಿರುವುದು ಕಲ್ಲಿನಲ್ಲಿ ಮತ್ತು ಮಾತಿನಲ್ಲಿ. ಅವರಿಗೊಂದು ಬಾವುಟವಿತ್ತು, ಗುಡ್ಡಧ್ವಜ. ತಮಿಳುನಾಡಿನ ಕೆಲವು ಶಾಸನದ ಕಲ್ಲುಗಳಲ್ಲಿ ಬರಹದ ಜೊತೆಗೆ ತಕ್ಕಡಿ, ಚೀಲ, ಕತ್ತಿ, ನೇಗಿಲು ಮೊದಲಾದ ಚಿತ್ರಗಳನ್ನೂ ಕೊರೆದಿದ್ದಾರೆ. ನೇಗಿಲು ಉಳುವವರ ಸಂಘದ್ದು, ತಕ್ಕಡಿ ಮಾರುವವರದು, ಕತ್ತಿ ದಾರಿಯಲ್ಲಿ ಕಾವಲಿಗೆ ಬರುವವರದು. ಡಚ್ ಬಡಗಿಯ ಕೈವಾರಕ್ಕೂ ಇದಕ್ಕೂ ವ್ಯತ್ಯಾಸ ಅಳತೆಯಲ್ಲಿ ಮಾತ್ರ. ಅದು ಜೇಬಿನ ಬಿಲ್ಲೆ, ಇದು ಊರ ಮುಂದಿನ ಬಿಲ್ಲೆ.

ಆ ಚೀಲದ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಲೇಬೇಕು. ಹಳಗನ್ನಡದಲ್ಲಿ ಅದಕ್ಕೆ ಪಸುಂಬೆ ಎಂದು ಹೆಸರು. ಪಕಾರ ಹಕಾರವಾಗಿ ನಮ್ಮ ಹಸುಬೆ. ಹೆಗಲಿನ ಮೇಲೋ ಎತ್ತಿನ ಬೆನ್ನಿನ ಮೇಲೋ ಇಳಿಬಿಡುವ ಜೋಡುಚೀಲ. ನಮ್ಮ ಅಜ್ಜ ಸಂತೆಗೆ ಹೋಗುವಾಗ ಹೆಗಲ ಮೇಲೆ ಇಂಥದೊಂದು ಇರುತ್ತಿತ್ತು. ಮುಂದೆ ರೊಟ್ಟಿ, ಹಿಂದೆ ಮೆಣಸಿನಕಾಯಿ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಒಂದು ಶಾಸನ ಐನೂರ್ವರನ್ನು ಬಹಳ ಉದ್ದಕ್ಕೆ ಹೊಗಳುತ್ತದೆ. ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ. ಆನೆ, ಕುದುರೆ, ನೀಲ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಇವನ್ನೆಲ್ಲ ನೆಲದ ಮೇಲೂ ನೀರಿನ ಮೇಲೂ ಸಾಗಿಸಿ, ಸಗಟಾಗಿಯೂ ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುವವರೆಂದು ಅದರಲ್ಲಿದೆ. ಅಲ್ಲಿಗೇ ನಿಲ್ಲುವುದಿಲ್ಲ. ಇವರು ದೇಶದೇಶ ಅಲೆಯಲೆಂದೇ ಹುಟ್ಟಿದವರು. ಭೂಮಿಯೇ ಇವರ ಚೀಲ, ದಿಕ್ಪಾಲಕರೇ ಅದರ ಮೂಲೆಯ ಕುಚ್ಚು, ಸರ್ಪವೇ ಅದರ ಹಗ್ಗ ಎಂದು ಹೋಲಿಕೆ ಕಟ್ಟುತ್ತದೆ. ಕವಿಯ ಹೆಚ್ಚಿನ ಮಾತು ಎನ್ನಿ; ಆದರೆ ಚೀಲ ಹೊತ್ತು ತಿರುಗುವುದನ್ನು ಕೀಳೆಂದು ಎಣಿಸದೆ ಅದನ್ನೇ ಕಿರೀಟದಂತೆ ಎತ್ತಿ ಹಿಡಿದಿರುವುದನ್ನು ನೋಡಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟವರೆಂದು ನಮ್ಮ ಬಗ್ಗೆ ನಾವೇ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತೇವೆ. ಅವರು ಕಲ್ಲಿಗೆ ಬರೆಸಿ ಊರ ನಡುವೆ ನಿಲ್ಲಿಸಿದರು.

ಊರು ಎಂದಾಗ ಒಂದು ಮಾತು. ಹಿಂದಿನ ಸಲ ಐಹೊಳೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಲಾಡಖಾನ ಗುಡಿಯ ನೆರಳಲ್ಲಿ ಕುಳಿತ ಮುದುಕರೊಬ್ಬರು, “ಯಾವೂರ್ರೀ ನಿಮ್ದು?” ಎಂದರು. ಮಗಳು ನಾವು ಬಾಯಿ ತೆರೆಯುವ ಮೊದಲೇ “ದಿಲ್ಲಿ” ಎಂದಳು. “ಅದು ಅಲ್ಲವಾ ತಂಗಿ, ಅಸಲು ಊರು ಯಾವುದು?” ಎಂದು ಅವರು ಕೇಳಿದರು. ಅವಳು ನಮ್ಮ ಮುಖ ನೋಡಿದಳು. ಹಳ್ಳಿಯ ಹೆಸರು ನಾವು ಹೇಳಿದೆವು. ಮುದುಕರು ತಲೆಯಾಡಿಸಿ, ಅಲ್ಲಿಯ ಇಬ್ಬರು ಮೂವರ ಸಮಾಚಾರ ಕೇಳಿ, ಇಬ್ಬರು ತೀರಿಕೊಂಡದ್ದಕ್ಕೆ ಮರುಗಿ, ಎಲೆಅಡಿಕೆಯ ಚೀಲ ಬಿಚ್ಚಿದರು. ಅಸಲು ಊರಿನ ಹೆಸರೇ ಅಲ್ಲಿ ಬಿಲ್ಲೆಯಾಯಿತು.

ಐನೂರ್ವರ ವಿಷಯದಲ್ಲೂ ನಮಗೆ ಬೆರಗಾಗುವುದು ಇದೇ. ಎಲ್ಲೆಲ್ಲೋ ಹುಟ್ಟಿ ಬೆಳೆದ, ಐಹೊಳೆಯನ್ನು ಕಣ್ಣಿನಿಂದ ಕಾಣದ ವರ್ತಕರು ಕೂಡ ತಮ್ಮನ್ನು ಅಯ್ಯಾವೊಳೆಯ ಹೆಸರಿನಿಂದ ಕರೆದುಕೊಂಡರು. ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರವತ್ತನಾಲ್ಕು ಘಟಿಕಾಸ್ಥಾನ ತಮ್ಮವೆಂದು ಹೇಳಿಕೊಂಡವರು ಮಲಪ್ರಭೆಯ ದಡದ ಆ ಒಂದು ಊರನ್ನು ಬಿಡಲಿಲ್ಲ. ಸುಮಾತ್ರ ದ್ವೀಪದ ಬಾರುಸ್ ಎಂಬಲ್ಲಿ, ಕರ್ಪೂರದ ವ್ಯಾಪಾರಕ್ಕೆ ಹೆಸರಾದ ರೇವಿನಲ್ಲಿ, ಕ್ರಿ.ಶ. 1088ರ ಒಂದು ಶಾಸನ ಸಿಕ್ಕಿದೆ. ಭಾಷೆ ತಮಿಳು, ಹಾಕಿಸಿದವರು ಐನೂರ್ವರು, ಎಂದರೆ ಸಾವಿರ ದಿಕ್ಕುಗಳ ಐನೂರ್ವರು. ಅಲ್ಲಿಗೆ ಬರುವ ಹಡಗಿನವರು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಚಿನ್ನ ಸಲ್ಲಿಸಬೇಕೆಂದು ಕಟ್ಟಳೆ. ಬರ್ಮಾದ ಪಗಾನಿನಲ್ಲಿ ಹದಿಮೂರನೆಯ ಶತಮಾನದಲ್ಲಿ ‘ನಾನಾದೇಶಿ ವಿಣ್ಣಗರ್’ ಎಂಬ ವಿಷ್ಣುಗುಡಿ. ಅದಕ್ಕೆ ದಾನ ಕೊಟ್ಟವನು ಕೇರಳ ಸೀಮೆಯ ಕೊಡುಂಗಲ್ಲೂರಿನವನು.

ನಾನಾದೇಶಿ ಎಂಬುದು ಈ ಸಂಘದವರಿಗೇ ಇನ್ನೊಂದು ಹೆಸರು. ನಮ್ಮ ಬೆಳಗಾವಿಯಲ್ಲಿ ರಟ್ಟರ ಕಾಲದ, 1204ರ ಶಾಸನದಲ್ಲಿ ಸಂತೆಗೆ ಸೇರಿ ಬಸದಿಗೆ ಸುಂಕ ಬಿಟ್ಟುಕೊಟ್ಟ ವರ್ತಕರ ಪಟ್ಟಿಯಿದೆ. ಅದರಲ್ಲಿ ಊರ ನಖರದವರ ಜೊತೆಗೆ ಲಾಳರು, ಎಂದರೆ ಗುಜರಾತಿನವರು, ಮಲೆಯಾಳರು ಎಲ್ಲ ಇದ್ದಾರೆ. ಕನ್ನಡ ಆಡದವರೂ ಕನ್ನಡ ಊರಿನ ಹೆಸರಿನ ಕೆಳಗೆ, ಕನ್ನಡದ ಶಾಸನದಲ್ಲಿ. ಇದು ಎಂಟುನೂರು ವರ್ಷದ ಹಿಂದಿನ ಮಾತೆಂಬುದನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ನಮಗೆ ಕೆಲಸವಿದೆ.

ಹೆಸರಿನ ಬಿಲ್ಲೆ ಈಗ ಎಲ್ಲೂ ಇಲ್ಲವೆಂದು ತಿಳಿಯಬೇಡಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ನವದೆಹಲಿ ನಿಲ್ದಾಣದಲ್ಲಿ ಇಳಿದಾಗ ಕೆಂಪು ಅಂಗಿಯವರು ಓಡಿಬರುತ್ತಾರಲ್ಲ, ಅವರ ತೋಳಿನ ಮೇಲೆ ನೋಡಿ. ನಂಬರು ಕೊರೆದ ಹಿತ್ತಾಳೆಯ ತಗಡು. ಹಿಂದಿಯಲ್ಲಿ ಅದು ಬಿಲ್ಲಾ. ನಮ್ಮ ಬಿಲ್ಲೆಯ ದಾಯಾದಿ. ಅಕ್ಕಿಮೂಟೆ, ಹುಣಿಸೆಹಣ್ಣಿನ ಡಬ್ಬ, ಅತ್ತೆಯವರು ಕಟ್ಟಿಕೊಟ್ಟ ಒಳಕಲ್ಲಿನ ಗುಂಡು ಇವನ್ನೆಲ್ಲ ಹೊತ್ತ ರಾಜಸ್ಥಾನದ ಒಬ್ಬ ಹಮಾಲನನ್ನು ಮಾತನಾಡಿಸಿದೆವು. ನಿಲ್ದಾಣದ ಮೇಲ್ಸೇತುವೆಯ ಮೇಲೆ ದಣಿವಾರಿಸಿಕೊಳ್ಳುತ್ತ ಆತ ಹೇಳಿದ, “ನಂಬರು ನಮ್ಮಜ್ಜಂದು ಸಾಹೇಬರೆ, ಆಮೇಲೆ ಅಪ್ಪನ ತೋಳಿಗೆ ಬಂತು, ಈಗ ನನ್ನದು.” ಮುಪ್ಪಾದವನು ಮಗನಿಗೋ ಹತ್ತಿರದ ಬಂಧುವಿಗೋ ಅದನ್ನು ದಾಟಿಸುವ ಪದ್ಧತಿಯಿದೆ. 2008ರ ರೈಲ್ವೆ ಬಜೆಟ್ಟಿನಲ್ಲಿ ಇವರನ್ನು ಹಳಿ ಕೆಲಸದ ಗ್ಯಾಂಗ್‌ಮನ್ನರಾಗಿ ತೆಗೆದುಕೊಳ್ಳುವುದಾಗಿ ಸಾರಿದಾಗ ಬಹಳ ಮಂದಿ ಹೋದರು. 2016ರಲ್ಲಿ ಕೂಲಿ ಎಂಬ ಹೆಸರನ್ನು ತೆಗೆದು ಸಹಾಯಕ ಎಂದರು. ಆತನ ಮಾತಿನಲ್ಲಿ ನಮಗೆ ಹಿಡಿಸಿದ್ದು ಇದು: ಒಬ್ಬನಿಗೆ ಕಾಯಿಲೆಯಾದರೆ ಉಳಿದ ಬಿಲ್ಲೆಯವರು ಚಂದಾ ಎತ್ತುತ್ತಾರೆ. ಯಾವ ನಿಯಮದಲ್ಲೂ ಬರೆದಿಲ್ಲವಂತೆ. ಚೌಕಾಸಿ ಮಾಡಹೊರಟಿದ್ದ ನಮ್ಮ ಮನೆಯವರು ಅದನ್ನು ಕೇಳಿ ಸುಮ್ಮನಾದರು.

ಇಷ್ಟೆಲ್ಲ ಓದುವುದು ಒಂದು ಕಡೆ, ಎರಡು ಚಳಿಗಾಲದ ಹಿಂದೆ ನಡೆದದ್ದು ಇನ್ನೊಂದು ಕಡೆ. ನಮ್ಮ ಮನೆಯಿಂದ ಮೂರು ಮೈಲಿ ದೂರದಲ್ಲಿ, ವಸುಂಧರಾದಲ್ಲಿ, ಕೇಂದ್ರ ಸರ್ಕಾರದಿಂದ ನಿವೃತ್ತರಾದ ಕನ್ನಡದ ಹಿರಿಯರೊಬ್ಬರಿದ್ದರು. ಹೆಂಡತಿ ಮೊದಲೇ ಹೋಗಿದ್ದರು, ಮಗಳು ಹೊರದೇಶದಲ್ಲಿ. ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ತೀರಿಕೊಂಡರು. ಕೆಲಸದ ಹೆಂಗಸು ಕಾವಲುಗಾರನಿಗೆ ಹೇಳಿದಳು, ಕಾವಲುಗಾರ ಯಾರಿಗೆ ಹೇಳಬೇಕು? ಹಿರಿಯರ ಮೇಜಿನ ಮೇಲೆ ಈ ಪತ್ರಿಕೆಯ ಹಳೆಯ ಸಂಚಿಕೆಯೊಂದಿತ್ತು. ಅದರ ಅಂಚಿನಲ್ಲಿ ಅವರೇ ಬರೆದಿಟ್ಟ ಒಂದು ಫೋನ್ ನಂಬರು, ಸಂಘದ ಹಳೆಯ ಸದಸ್ಯರೊಬ್ಬರದು. ಅಲ್ಲಿಂದ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿ, ಮಂಜು ಮುಸುಕಿದ ಆ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ನಾವು ಹದಿನಾಲ್ಕು ಜನ ಸೇರಿದ್ದೆವು. ಅರ್ಧಕ್ಕರ್ಧ ಜನ ಅವರನ್ನು ಹೆಸರು ಹಿಡಿದು ಬಲ್ಲವರೂ ಅಲ್ಲ. ಹೆಣ ಸಾಗಿಸುವ ಗಾಡಿ ಎಲ್ಲಿ ಸಿಗುತ್ತದೆ, ಮರಣಪತ್ರಕ್ಕೆ ಏನೇನು ಕಾಗದ ಬೇಕು, ಯಾರ ಪದ್ಧತಿ ಹೇಗೆ ಎಂಬುದು ಒಬ್ಬರಿಗೂ ಪೂರ್ತಿ ತಿಳಿಯದು. ಹೇಗೋ ಹಿಂಡನ್ ನದಿಯ ದಡಕ್ಕೆ ಒಯ್ದೆವು. ಮಗಳು ಫೋನಿನಲ್ಲಿ ನೋಡುತ್ತಿದ್ದರು. ಅಳು ತಡೆದುಕೊಂಡು ಒಂದೇ ಮಾತು ಕೇಳಿದರು, “ನೀವೆಲ್ಲ ಯಾರು ಅಂಕಲ್?” ಏನು ಹೇಳುವುದು? “ಸಂಘದ ಕಡೆಯವರಮ್ಮ” ಎಂದೆವು.

ಅದಾದ ಮೇಲೆ ಯಮುನೆಯ ಈಚೆಯವರು ನಾಲ್ಕು ಜನ ಕುಳಿತು ಒಂದು ಪಟ್ಟಿ ಮಾಡಿದೆವು. ಹಿಂದೆ ಆರ್.ಕೆ. ಪುರ, ಸರೋಜಿನಿ ನಗರದ ಸರ್ಕ್ಯೂಟು ಮನೆಗಳಂತಿದ್ದ ಸರ್ಕಾರಿ ವಸತಿಗಳಲ್ಲಿ ಕನ್ನಡದವರು ಕೂಗಳತೆಯಲ್ಲಿದ್ದರು; ಪಟ್ಟಿ ಬೇಕಿರಲಿಲ್ಲ, ಅಡುಗೆಮನೆಯ ಕಿಟಕಿಯೇ ಸಾಕಾಗಿತ್ತು. ಈಗ ಒಬ್ಬರು ದ್ವಾರಕಾ, ಒಬ್ಬರು ನೋಯ್ಡಾ, ಇನ್ನೊಬ್ಬರು ಗುರುಗ್ರಾಮ. ನಮ್ಮ ಪಟ್ಟಿಯಲ್ಲಿ ಮನೆ, ಫೋನು, ರಕ್ತದ ಗುಂಪು, ರಾತ್ರಿ ಕಾರು ಓಡಿಸಬಲ್ಲವರು ಯಾರು, ಹೆಣದ ಮುಂದೆ ಮಂತ್ರ ಹೇಳಬಲ್ಲವರು ಯಾರು ಇಷ್ಟು ಕಲಂಗಳು. ಮೊದಲಿಗೆ 41 ಮನೆಗಳಾದವು. ಮಗಳು ಅದರ ತಲೆಗೆ ಒಂದು ಚಿತ್ರ ಬರೆದುಕೊಡುವೆನೆಂದಳು. ಗಂಡಭೇರುಂಡ ಇರಲಿ ಎಂದರು ಒಬ್ಬರು, ತಾಯಿ ಭುವನೇಶ್ವರಿ ಎಂದರು ಇನ್ನೊಬ್ಬರು. ಅವಳು ಕೇಳದೆ ಒಂದು ಹಸುಬೆ ಬರೆದಳು. ಒಂದು ಬದಿಯ ಚೀಲದಿಂದ ಮೆಣಸಿನಕಾಯಿಯ ತೊಟ್ಟು ಹೊರಗೆ ಕಾಣುತ್ತಿದೆ.

ತಕರಾರು ಹುಟ್ಟಿದ್ದು ಚಿತ್ರಕ್ಕಲ್ಲ, ಹೆಸರುಗಳಿಗೆ. ತುಳು ಮಾತಾಡುವವರು, ಕೊಂಕಣಿಯವರು ಬರಲಿ, ಅದರಲ್ಲಿ ಯಾರಿಗೂ ಎರಡು ಮಾತಿಲ್ಲ. ಕೋಲಾರದ ಕಡೆಯ ತಮಿಳು ಮನೆಯವರೊಬ್ಬರಿದ್ದರು, ಅವರನ್ನೂ ಒಪ್ಪಿದರು. ಆದರೆ ಕನ್ನಡದ ಹುಡುಗಿಯನ್ನು ಮದುವೆಯಾದ ಹಿಂದಿಯವನು? ಮಕ್ಕಳಿಗೆ ಕನ್ನಡದ ಒಂದಕ್ಷರ ಬಾರದ ಮನೆ? ಹಿರಿಯರೊಬ್ಬರು ನೊಂದೇ ಹೇಳಿದರು, “ನೋಡಿ ರಾಯರೆ, ಭಾಷೆಯೇ ಇಲ್ಲದ ಮೇಲೆ ಇದು ಕನ್ನಡದವರ ಪಟ್ಟಿ ಹೇಗಾದೀತು? ಬಡಾವಣೆಯ ಪಟ್ಟಿ ಆದೀತು.” ಅವರ ಮಾತನ್ನು ನಾವು ತಳ್ಳಿಹಾಕಲಾರೆವು. ಅವರ ಮೊಮ್ಮಗನೇ ಅವರೊಡನೆ ಹಿಂದಿಯಲ್ಲಿ ಮಾತನಾಡುತ್ತಾನೆ. ಆ ಉರಿ ಆ ಮಾತಿನಲ್ಲಿತ್ತು. ಎಲ್ಲರನ್ನೂ ಸೇರಿಸುತ್ತ ಹೋದರೆ ಹೆಸರು ಮಾತ್ರ ಉಳಿದು ಒಳಗಿನದು ಹೋಗುತ್ತದೆಂಬ ಭಯ ಸುಳ್ಳಲ್ಲ. ವೈಶಾಲಿಯ ಮುದ್ರೆಗಳ ಕಥೆಯೂ ಅದೇ ಅಲ್ಲವೆ? ಕಾಗದ ಹೋಯಿತು, ಮಣ್ಣು ಉಳಿಯಿತು.

ನಾವು ಬೆಳಗಾವಿಯ ಶಾಸನವನ್ನು ಮುಂದಿಟ್ಟೆವು. ಲಾಳರು, ಮಲೆಯಾಳರು ಸೇರಿದ್ದರಿಂದ ಅಯ್ಯಾವೊಳೆಯ ಹೆಸರು ಕೆಡಲಿಲ್ಲ, ಸುಮಾತ್ರದವರೆಗೂ ಹೋಯಿತು. ಅಲ್ಲಿ ತಮಿಳಿನಲ್ಲಿ ಬರೆಸಿದರೂ ಐನೂರ್ವರು ಐನೂರ್ವರೇ ಆಗಿ ಉಳಿದರು ಎಂದೆವು. ಹಿರಿಯರು ಸುಲಭಕ್ಕೆ ಬಿಡುವವರಲ್ಲ. “ಅವರಿಗೆ ವ್ಯಾಪಾರವಿತ್ತು, ಲಾಭವಿತ್ತು. ನಿಮ್ಮ ಪಟ್ಟಿಗೆ ಸೇರುವವನಿಗೆ ಏನು ಲಾಭ?” ಎಂದರು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಎದ್ದು ಬರಬೇಕಾದ ಪಟ್ಟಿಗೆ ತಾನಾಗಿ ಹೆಸರು ಕೊಡುವವನನ್ನು ಯಾವ ಭಾಷೆಯವನೆಂದು ಕೇಳುವುದು ಹೇಗೆ ಎಂದು ನಮ್ಮ ಮನೆಯವರು ಚಹಾ ಕೊಡುತ್ತ ಹೇಳಿದರು. ಕೊನೆಗೆ ಒಂದು ಒಪ್ಪಂದವಾಯಿತು. ಬರುತ್ತೇನೆ ಎಂದವರೆಲ್ಲರ ಹೆಸರೂ ಇರಲಿ. ಪಟ್ಟಿ ಮಾತ್ರ ಕನ್ನಡದಲ್ಲೇ ಬರೆಯಬೇಕು, ಓದಲಾರದವರು ಮಕ್ಕಳ ಸಹಿತ ಭಾನುವಾರ ಹಿರಿಯರ ಮನೆಗೆ ಬಂದು ತಮ್ಮ ತಮ್ಮ ಹೆಸರನ್ನಾದರೂ ಓದಲು ಕಲಿಯಬೇಕು. ಈ ಎರಡನೆಯ ಷರತ್ತು ಹಿರಿಯರದು. ಅವರು ಬಿಳಿಹಲಗೆ ತಂದಿದ್ದಾರೆ.

ಈಗ ಪಟ್ಟಿಯಲ್ಲಿ 53 ಮನೆಗಳಿವೆ. ಕೊನೆಯ ಹೆಸರು ಧಾರವಾಡದ ಹುಡುಗಿಯನ್ನು ಮದುವೆಯಾದ ದರ್ಭಂಗಾದ ಒಬ್ಬ ತರುಣನದು. ರಕ್ತ ಓ ನೆಗೆಟಿವ್. ಸ್ವಂತ ವ್ಯಾನು ಇದೆ. ಕನ್ನಡದಲ್ಲಿ ಸದ್ಯಕ್ಕೆ ಆತನಿಗೆ ತನ್ನ ಹೆಸರಿನ ಮೂರು ಅಕ್ಷರ ಬರುತ್ತವೆ, ನಾಲ್ಕನೆಯದು ಒತ್ತಕ್ಷರ.